ಜೋಳವಾಳಿಯಿಂದ ವಿಪ್‌ವರೆಗೆ: ಪಕ್ಷನಿಷ್ಠೆಯನ್ನು ಕುರಿತು

ಕನ್ನಡದಲ್ಲಿ 'ಪಕ್ಷ' ಎಂಬ ಪದಕ್ಕೆ ರೆಕ್ಕೆ, ಹದಿನೈದು ದಿನಗಳ ಅವಧಿ, ವಾದದ ಒಂದು ಮಗ್ಗುಲು ಎಂಬ ಅರ್ಥಗಳಿವೆ. ರಾಜಕೀಯ ಸಂಘಟನೆ ಎಂಬ ಅರ್ಥ ಈಚಿನದು. ಇದೇ ಪದದಿಂದ ಹುಟ್ಟಿದ ಪಕ್ಷಪಾತ, ಪಕ್ಷಾಂತರಗಳೆರಡೂ ನಿಂದೆಯ ಮಾತುಗಳಾದರೆ ಪಕ್ಷನಿಷ್ಠೆ ಮಾತ್ರ ಹೊಗಳಿಕೆಯ ಮಾತಾಗಿ ಉಳಿದಿದೆ. ಪಕ್ಷಪಾತಕ್ಕೂ ಪಕ್ಷನಿಷ್ಠೆಗೂ ಇರುವ ಅಂತರ ನಾವು ಭಾವಿಸಿರುವಷ್ಟು ದೊಡ್ಡದೇ ಎಂಬ ಅನುಮಾನವೇ ಈ ಬರಹಕ್ಕೆ ಪ್ರೇರಣೆ.

ನಮ್ಮ ಶಾಸನಗಳನ್ನೂ ವೀರಗಲ್ಲುಗಳನ್ನೂ ಓದಿದವರಿಗೆ ಜೋಳವಾಳಿ, ವೇಳೆವಾಳಿ ಎಂಬ ಮಾತುಗಳು ಪರಿಚಿತ. ಉಂಡ ಜೋಳದ ಋಣಕ್ಕಾಗಿ ಒಡೆಯನ ಪರವಾಗಿ ಪ್ರಾಣ ಕೊಡುವುದು ಅಲ್ಲಿ ಪರಮ ಮೌಲ್ಯ. ಹತ್ತನೆಯ ಶತಮಾನದ ಪಂಪ ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ಈ ಮೌಲ್ಯವನ್ನು ಕರ್ಣನಲ್ಲಿ ಎತ್ತಿ ನಿಲ್ಲಿಸುತ್ತಾನೆ. ಜನ್ಮರಹಸ್ಯ ತಿಳಿದ ಮೇಲೂ, ರಾಜ್ಯವೇ ಕೈಗೆ ಬರುವಂತಿದ್ದರೂ ಕರ್ಣ ದುರ್ಯೋಧನನನ್ನು ಬಿಡುವುದಿಲ್ಲ. (ಕೃಷ್ಣನ ಆಹ್ವಾನವನ್ನು ಇಂದಿನ ಪತ್ರಿಕೆಗಳು ಯಾವ ಹೆಸರಿನಿಂದ ಕರೆಯುತ್ತಿದ್ದವೋ!) ಎಂ.ಎ. ತರಗತಿಯಲ್ಲಿ ಈ ಭಾಗವನ್ನು ಓದುವಾಗ ನಾವೆಲ್ಲ ಕಣ್ಣು ತುಂಬಿಕೊಂಡದ್ದು ನೆನಪಿದೆ. ಕರ್ಣ ನಿಂತ ಪಕ್ಷ ನ್ಯಾಯದ ಪಕ್ಷವೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಾವ್ಯದಲ್ಲಿ ಇದು ದುರಂತದ ಘನತೆ ಪಡೆಯುತ್ತದೆ. ಆದರೆ ಪ್ರಜಾಪ್ರಭುತ್ವದಲ್ಲಿ ನಿಷ್ಠೆಯೋ ದ್ರೋಹವೋ ಎಂಬ ಒಂದೇ ಪ್ರಶ್ನೆ ಉಳಿದು, ಯಾವುದಕ್ಕೆ ನಿಷ್ಠೆ ಎಂಬ ಪ್ರಶ್ನೆ ಅಳಿದುಹೋಗುವುದು ಅಪಾಯಕಾರಿ.

ನಮ್ಮ ಸಂವಿಧಾನದ ಹತ್ತನೆಯ ಅನುಸೂಚಿ ಈ ಒಂದೇ ಪ್ರಶ್ನೆಯನ್ನು ಕಾನೂನಾಗಿಸಿದೆ. 1985ರಲ್ಲಿ 52ನೆಯ ತಿದ್ದುಪಡಿಯ ಮೂಲಕ ಬಂದ ಈ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ ಮೀರಿ ಸದನದಲ್ಲಿ ಮತ ಹಾಕಿದ ಶಾಸಕ ಸ್ಥಾನ ಕಳೆದುಕೊಳ್ಳಬಹುದು. ಸರ್ಕಾರದ ಅಳಿವು ಉಳಿವಿನ ಮತವಾಗಲಿ, ಸಾಮಾನ್ಯ ಮಸೂದೆಯೊಂದರ ಮೇಲಿನ ಮತವಾಗಲಿ, ಅನುಸೂಚಿಯ ಪಠ್ಯ ಭೇದವೆಣಿಸುವುದಿಲ್ಲ. ಹೀಗಾಗಿ ಶಾಸಕನ ವಿವೇಚನೆ ಅವನಲ್ಲಿ ಉಳಿಯದೆ ಬಿ ಫಾರಂ ಕೊಟ್ಟವರ ಕೈ ಸೇರುತ್ತದೆ. ಉಂಡ ಜೋಳದ ಜಾಗಕ್ಕೆ ಬಿ ಫಾರಂ ಬಂದಿದೆಯಷ್ಟೆ.

ಇಷ್ಟಾಗಿಯೂ ಪಕ್ಷಾಂತರ ನಿಂತಿತೇ? 2019ರ ಜುಲೈನಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ವಿಶ್ವಾಸಮತದಲ್ಲಿ 99-105ರಿಂದ ಸೋತಿತು. ಆ ಎರಡು ಪಕ್ಷಗಳ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸದಂತೆ ನಿರ್ಬಂಧಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅನರ್ಹರಾದವರ ಪೈಕಿ 13 ಮಂದಿ ಬಿಜೆಪಿಯ ಅಭ್ಯರ್ಥಿಗಳಾಗಿ ನಿಂತರು, 11 ಮಂದಿ ಗೆದ್ದರು. ಮತದಾರನನ್ನು ಇಲ್ಲಿ ಭ್ರಷ್ಟನೆಂದು ಹಳಿಯುವುದು ಸುಲಭ. ನನಗೆ ಅದು ಒಪ್ಪಿಗೆಯಲ್ಲ. ಅವನ ನಿಷ್ಠೆ ಚಿಹ್ನೆಗಿಂತ ಹೆಚ್ಚಾಗಿ ತನ್ನ ಕೆಲಸಕ್ಕೆ ಒದಗುವ ವ್ಯಕ್ತಿಗೆ, ಜಾತಿಗೆ, ಸೀಮೆಗೆ ಸಂದಿರಬಹುದು. ಕಾನೂನು ಮಾತ್ರ ಅವನು ಪಕ್ಷಕ್ಕೇ ಮತ ಹಾಕಿದನೆಂದು ಊಹಿಸಿಕೊಂಡಿದೆ.

ಇದರ ತಿರುಗುಮುರುಗಾದ ಚಿತ್ರ ಗ್ರಾಮ ಪಂಚಾಯತಿಯಲ್ಲಿದೆ. ಅಲ್ಲಿ 1993ರ ಅಧಿನಿಯಮದಂತೆ ಚುನಾವಣೆ ಪಕ್ಷರಹಿತ. ಫಲಿತಾಂಶದ ಮರುದಿನ ಮಾತ್ರ ಪತ್ರಿಕೆಗಳಲ್ಲಿ 'ಬೆಂಬಲಿತ' ಸದಸ್ಯರ ಲೆಕ್ಕ ಪಕ್ಷವಾರು ಅಚ್ಚಾಗುತ್ತದೆ. ಪಕ್ಷವಿದೆಯೆಂದು ಕಾನೂನು ಹೇಳುವಲ್ಲಿ ಅದು ಸಡಿಲ, ಇಲ್ಲವೆನ್ನುವಲ್ಲಿ ಬಿಗಿ.

ಹೆಚ್ಚು ಹಾನಿಯಾಗಿರುವುದು ಸಭಾಧ್ಯಕ್ಷ ಪೀಠಕ್ಕೆ. 2010ರ ಅಕ್ಟೋಬರಿನಲ್ಲಿ ವಿಶ್ವಾಸಮತದ ಮುನ್ನ ಆಡಳಿತ ಪಕ್ಷದ 11 ಮತ್ತು ಪಕ್ಷೇತರರಾದ 5 ಶಾಸಕರು ಅನರ್ಹಗೊಂಡರು. 2011ರಲ್ಲಿ ಸುಪ್ರೀಂ ಕೋರ್ಟು ಆ ಆದೇಶಗಳನ್ನು ರದ್ದುಪಡಿಸಿತು. 2010ರಲ್ಲಿ ಪೀಠದಲ್ಲಿದ್ದವರು ಒಂದು ಪಕ್ಷದಿಂದ ಬಂದವರು, 2019ರಲ್ಲಿದ್ದವರು ಅದರ ಎದುರಾಳಿ ಪಕ್ಷದಿಂದ ಬಂದವರು. ಎರಡೂ ಸಲ ಪ್ರತಿ ಪಕ್ಷವೂ ತನಗೆ ಒದಗಿದ ಆದೇಶದಲ್ಲಿ ನ್ಯಾಯವನ್ನೂ ಒದಗದ ಆದೇಶದಲ್ಲಿ ಪಕ್ಷಪಾತವನ್ನೂ ಕಂಡಿತು. ಸಭಾಧ್ಯಕ್ಷರಾಗಿ ಆಯ್ಕೆಯಾದವರು ಪಕ್ಷದ ಸದಸ್ಯತ್ವ ತೊರೆದರೆ ಅನರ್ಹತೆ ತಟ್ಟದೆಂದು ಹತ್ತನೆಯ ಅನುಸೂಚಿಯೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಹಾಗೆ ತೊರೆಯುವುದು ಸಂಪ್ರದಾಯ. ನಮ್ಮಲ್ಲಿ ತೆರೆದಿಟ್ಟ ಆ ಬಾಗಿಲನ್ನು ದಾಟುವ ಪರಿಪಾಠ ಬೆಳೆಯಲೇ ಇಲ್ಲ.

ಅನರ್ಹತೆಯ ಭಯವನ್ನು ವಿಶ್ವಾಸ, ಅವಿಶ್ವಾಸದಂಥ ಮತಗಳಿಗೆ ಸೀಮಿತಗೊಳಿಸಬೇಕೆಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಶಿಫಾರಸು ಮಾಡಿತ್ತು. ಹಾಗಾದರೆ ಒಂದು ನೀರಾವರಿ ಯೋಜನೆಯ ಬಗೆಗೋ ಭೂಮಿಯ ಮಸೂದೆಯ ಬಗೆಗೋ ಶಾಸಕನೊಬ್ಬ ತನ್ನ ಪಕ್ಷದಲ್ಲಿದ್ದುಕೊಂಡೇ ಸದನದಲ್ಲಿ ವಿರುದ್ಧ ಮತ ಹಾಕಬಹುದಾಗಿತ್ತು, ಭಿನ್ನಮತಕ್ಕೆ ರಾಜೀನಾಮೆಯ ಹೊರತು ಬೇರೆ ದಾರಿಯೂ ಇರುತ್ತಿತ್ತು. ಅನುಸೂಚಿಯ ಆ ಮಾತುಗಳು ಇಂದಿಗೂ ಬದಲಾಗಿಲ್ಲ. ಈ ವಿಷಯದಲ್ಲಿ ಮಾತ್ರ ನಮ್ಮ ಪಕ್ಷಗಳ ನಡುವೆ ಭಿನ್ನಾಭಿಪ್ರಾಯವಿದ್ದಂತೆ ಕಾಣುವುದಿಲ್ಲ.