ತಟ್ಟೆಯ ಅಹಿಂಸೆ, ಕಣ್ಣಿನ ಹಿಂಸೆ

ಪರ್ಯುಷಣ ಪರ್ವ ಮುಗಿದ ಕೆಲವು ದಿನಗಳಲ್ಲಿ ಚಿಕ್ಕಬಳ್ಳಾಪುರದ ಶ್ರಾವಕ ಕುಟುಂಬವೊಂದರ ಸಮಾರಂಭಕ್ಕೆ ಹೋಗಿದ್ದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದಲೂ ಬಂಧುಗಳು ಬಂದಿದ್ದರು. ಊಟವಾದ ಮೇಲೆ ಮನೆಯ ಯುವಕನೊಬ್ಬ, ಕಬಿನಿ ತೀರದ ವಸತಿಗೃಹದಲ್ಲಿ ಎರಡು ದಿನ ತಂಗಿದ್ದಾಗ ತಾನು ತೆಗೆದ ಚಿತ್ರಗಳನ್ನು ಎಲ್ಲರಿಗೂ ತೋರಿಸಿದ. ಸೀಳುನಾಯಿಗಳ ಹಿಂಡೊಂದು ಜಿಂಕೆಯನ್ನು ನೀರಿನಂಚಿಗೆ ಅಟ್ಟಿ, ಅದಕ್ಕೆ ಇನ್ನೂ ಉಸಿರಿರುವಾಗಲೇ ಹರಿದು ತಿನ್ನುವ ದೃಶ್ಯ ಅದರಲ್ಲಿತ್ತು. “ನಮ್ಮ ಪುಣ್ಯ ಮಾವ, ಹತ್ತು ಸಲ ಹೋದವರಿಗೂ ಇದು ಕಾಣಸಿಗುವುದಿಲ್ಲವಂತೆ” ಎಂದು ಅವನು ಹೆಮ್ಮೆಯಿಂದ ಹೇಳಿದ. “ಅಲ್ಲಿ ನಮಗಾಗಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡಿಗೆಯನ್ನು ಬೇರೆಯಾಗಿಯೇ ಮಾಡಿಸಿಕೊಟ್ಟರು” ಎಂದು ಅವನ ತಾಯಿ ಸಂತೋಷದಿಂದ ಸೇರಿಸಿದರು.

ಈ ಎರಡು ಮಾತುಗಳು ಒಂದೇ ಮನೆಯಲ್ಲಿ, ಒಂದೇ ಗಳಿಗೆಯಲ್ಲಿ, ಯಾರ ಮನಸ್ಸನ್ನೂ ಚುಚ್ಚದೆ ಹೊರಟವು. ನನ್ನ ಆಕ್ಷೇಪವಿರುವುದು ಆ ಯುವಕನ ಮೇಲಾಗಲಿ, ಆ ವಸತಿಗೃಹದ ಮೇಲಾಗಲಿ ಅಲ್ಲ. ಸುಮ್ಮನೆ ಕುಳಿತು ನೋಡಿದ ನಮ್ಮೆಲ್ಲರ ಮೇಲೆ. ಮೊದಲು ನನ್ನ ಮೇಲೆ. ಕಂದಮೂಲದ ಒಂದು ಚೂರು ತಟ್ಟೆಗೆ ಬೀಳದಂತೆ ಇಷ್ಟು ಎಚ್ಚರ ವಹಿಸುವ ನಾವು, ಒಂದು ಪಂಚೇಂದ್ರಿಯ ಜೀವದ ಮರಣಸಂಕಟವನ್ನು ಕಣ್ಣಿಗೆ ಬಡಿಸಿಕೊಂಡು ಅದನ್ನು ಪುಣ್ಯವೆಂದು ಕರೆಯುವುದಾದರೆ, ನಮ್ಮ ಅಹಿಂಸೆ ಅಡಿಗೆಮನೆಯ ಹೊಸ್ತಿಲು ದಾಟಿಲ್ಲವೆಂದೇ ಅರ್ಥ.

ಹಿಂಸೆಗೆ ಮೂರು ಬಾಗಿಲುಗಳೆಂದು ನಮ್ಮ ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ: ತಾನೇ ಮಾಡುವುದು ಕೃತ, ಮಾಡಿಸುವುದು ಕಾರಿತ, ಮಾಡಿದ್ದನ್ನು ಮೆಚ್ಚುವುದು ಅನುಮೋದಿತ. ಪರರ ಹಿಂಸೆಯಲ್ಲಿ ಆನಂದ ಪಡುವುದನ್ನು ಹಿಂಸಾನಂದವೆಂದು ಹೆಸರಿಸಿ, ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಮೊದಲನೆಯದಾಗಿ ಇಟ್ಟಿದ್ದಾರೆ. ಪ್ರಯೋಜನವಿಲ್ಲದ ಪಾಪದಿಂದ ದೂರವಿರಲು ಗೃಹಸ್ಥನಿಗೆ ಅನರ್ಥದಂಡವಿರತಿ ಎಂಬ ವ್ರತವನ್ನೇ ವಿಧಿಸಿದ್ದಾರೆ. ಕೇಡನ್ನು ಬಯಸುವ ಅಪಧ್ಯಾನ ಅಲ್ಲಿ ನಿಷಿದ್ಧ. ಮುಂಜಾನೆ ಐದಕ್ಕೆ ಎದ್ದು, ತೆರೆದ ವಾಹನದಲ್ಲಿ ಕುಳಿತು, “ಇಂದಾದರೂ ಒಂದು ಬೇಟೆ ಕಾಣಲಿ” ಎಂದು ಹಾರೈಸುವುದು ಅಪಧ್ಯಾನವಲ್ಲದಿದ್ದರೆ ಬೇರೆ ಯಾವುದು ಅಪಧ್ಯಾನ?

ಆ ನದಿತೀರದ ಚರಿತ್ರೆಯನ್ನೂ ನಾವು ತಿಳಿಯಬೇಕು. ಕಾರಾಪುರದಲ್ಲಿ ಇಂದು ಪ್ರವಾಸಿಗರು ತಂಗುವ ಸರ್ಕಾರಿ ವಸತಿಗೃಹದ ನೆಲೆ, ಹಿಂದೆ ಮೈಸೂರು ಮಹಾರಾಜರ ಮತ್ತು ವೈಸ್‌ರಾಯ್‌ಗಳ ಬೇಟೆಬಂಗಲೆಗಳಿದ್ದ ಜಾಗ. ಸಮೀಪದ ಕಾಕನಕೋಟೆಯಲ್ಲಿ ಆನೆಗಳನ್ನು ಹಿಂಡುಹಿಂಡಾಗಿ ನದಿಗೆ ಅಟ್ಟಿ ಹಿಡಿಯುವ ಖೆಡ್ಡಾ 1971ರವರೆಗೂ ನಡೆಯಿತು. ಅತಿಥಿಗಳು ಅದನ್ನೂ ಕುಳಿತು ನೋಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. 1974ರ ಕಬಿನಿ ಅಣೆಕಟ್ಟಿನ ಹಿನ್ನೀರು ಹಳೆಯ ಖೆಡ್ಡಾ ನೆಲವನ್ನು ಮುಳುಗಿಸಿತು. ಆ ವಸತಿಗೃಹವನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರು ಯೌವನದಲ್ಲಿ ಶಿಕಾರಿಯಾಗಿದ್ದವರು. ಕೋವಿ ಕೆಳಗಿಟ್ಟು, 2010ರಲ್ಲಿ ಕೊನೆಯುಸಿರೆಳೆಯುವವರೆಗೂ ಅಲ್ಲಿಯೇ ಇದ್ದು ಕಾಡನ್ನು ಪ್ರೀತಿಸಿದರು. ಬೇಟೆಗಾರ ಬೇಟೆಯನ್ನು ಬಿಟ್ಟು ಬಂದ ಸ್ಥಳಕ್ಕೆ, ತಲೆಮಾರುಗಳಿಂದ ಕೋವಿ ಮುಟ್ಟದ ನಾವು ಬೇಟೆಯನ್ನು ಹುಡುಕಿಕೊಂಡು ಹೋಗುತ್ತಿದ್ದೇವೆ.

ಈಗ ಕೆಲವರಿಗೆ ಕಬಿನಿಯೂ ಸಾಲದು. ದಕ್ಷಿಣ ಆಫ್ರಿಕಾ ಖಂಡಭಾಗದ ಚೋಬೆ, ಜಾಂಬೆಜಿ ನದಿಗಳ ದಡದ ವಸತಿಗೃಹಗಳಿಗೆ, ಜೈನ ಊಟದ ಭರವಸೆಯೊಡನೆ, ಪ್ರವಾಸಗಳು ಹೊರಡುತ್ತಿವೆ. ಚೋಬೆ ಹರಿಯುವ ಬೋಟ್ಸ್‌ವಾನಾ ದೇಶ 2014ರಲ್ಲಿ ನಿಷೇಧಿಸಿದ್ದ ಮೋಜಿನ ಬೇಟೆಗೆ 2019ರಲ್ಲಿ ಮತ್ತೆ ಅನುಮತಿ ಕೊಟ್ಟಿತೆಂಬುದನ್ನು ಟಿಕೆಟ್ ಕೊಳ್ಳುವ ಎಷ್ಟು ಮಂದಿ ಶ್ರಾವಕರು ವಿಚಾರಿಸಿದ್ದಾರೆ? ದಿಗ್ವ್ರತವೆಂದರೆ ದಿಕ್ಕುಗಳಿಗೆ ಮಿತಿ ಹಾಕಿಕೊಳ್ಳುವುದು. ನಮ್ಮ ಹಿರಿಯರು ವ್ಯಾಪಾರಕ್ಕೂ ಆ ಮಿತಿಯನ್ನು ಅನ್ವಯಿಸಿದರು. ನಾವು ವಿನೋದಕ್ಕೂ ಅನ್ವಯಿಸಲೊಲ್ಲೆವು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ.

“ಹುಲಿ ಕೊಲ್ಲುವುದು ಅದರ ಸ್ವಭಾವ, ನಾವು ನೋಡದಿದ್ದರೆ ಜಿಂಕೆ ಉಳಿಯುತ್ತದೆಯೇ?” ಉಳಿಯುವುದಿಲ್ಲ. ಹುಲಿಯ ಮೇಲೆ ಯಾರೂ ದೋಷ ಹೊರಿಸುತ್ತಿಲ್ಲ. ಹುಲಿಗೆ ಹಸಿವಿದೆ, ನಮಗಿರುವುದು ಕುತೂಹಲ. ಪ್ರಶ್ನೆ ಜಿಂಕೆಯ ಆಯುಷ್ಯದ್ದಲ್ಲ, ನಮ್ಮ ಪರಿಣಾಮದ್ದು.

“ಪ್ರವಾಸಿಗರ ಹಣದಿಂದಲೇ ಕಾಡು ಉಳಿದಿದೆ.” ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಇನ್ನರ್ಧವನ್ನೂ ಹೇಳಬೇಕು. ನಾಗರಹೊಳೆಯಿಂದ ಜೇನುಕುರುಬರು ಹೊರಹಾಕಲ್ಪಟ್ಟರು. ಅದೇ ಕಾಡಿನೊಳಗೆ ಹೋಟೆಲ್ ಏಳುವುದನ್ನು ಅವರು ಹೋರಾಡಿ, 1997ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪಿನಿಂದ ತಡೆಯಬೇಕಾಯಿತು. 2025ರ ನವೆಂಬರಿನಲ್ಲಿ, ಕಾಡಂಚಿನ ಊರುಗಳ ರೈತರು ಹುಲಿಯ ದಾಳಿಗೆ ಬಲಿಯಾದ ಮೇಲೆ, ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಿತು. ಕಾಡಿಗೆ ದಾನ ಕೊಡುವ ಮನಸ್ಸಿದ್ದವರು ವಾಹನ ಹತ್ತದೆಯೂ ಕೊಡಬಹುದು.

“ಶಿಡ್ಲಘಟ್ಟದ ರೇಷ್ಮೆಯ ನೆರಳಿನಲ್ಲಿ ಬದುಕುವವರು ಈ ಉಪದೇಶ ಮಾಡಬಹುದೇ?” ಇದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ಇದರಿಂದ ನುಣುಚಿಕೊಳ್ಳಲಾರೆ. ಗೂಡನ್ನು ಬೇಯಿಸದೆ ಆ ನೂಲು ಬರುವುದಿಲ್ಲ, ಒಳಗಿನ ಹುಳು ಸಾಯದೆ ಆ ಸೀರೆ ಇಲ್ಲ. ಅದನ್ನುಟ್ಟು ಬಸದಿಗೆ ಹೋಗುವುದು ಸರಿಯೇ ಎಂಬುದನ್ನು ನಾವು ಬೇರೆಯಾಗಿ, ಧೈರ್ಯವಾಗಿ ಚರ್ಚಿಸಲೇಬೇಕು. ಆದರೂ ಒಂದು ಭೇದವಿದೆ. ಗೂಡು ಬೇಯಿಸುವ ನೂಲು ಬಿಚ್ಚಾಣಿಕೆದಾರ ಹೊಟ್ಟೆಪಾಡಿಗಾಗಿ ಆ ಕೆಲಸ ಮಾಡುತ್ತಾನೆ. ಆ ಕುದಿಯುವ ಬಾಣಲಿಯನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಟಿಕೆಟ್ ಕೊಂಡು ಯಾರೂ ಹೋಗುವುದಿಲ್ಲ. ಒಂದು ದೋಷ ನಮ್ಮಲ್ಲಿದೆ ಎಂಬುದು ಇನ್ನೊಂದಕ್ಕೆ ಪರವಾನಗಿಯಾಗಲಾರದು.

ಭಗವಾನ್ ನೇಮಿನಾಥರೂ ವಾಹನದಲ್ಲಿ ಕುಳಿತೇ ಪ್ರಾಣಿಗಳನ್ನು ಕಂಡವರು. ಮದುವೆಯ ರಥ ಸಾಗುತ್ತಿರುವಾಗ, ಔತಣಕ್ಕೆಂದು ಕೂಡಿಹಾಕಿದ್ದ ಮೃಗಗಳ ಆಕ್ರಂದನ ಅವರ ಕಿವಿಗೆ ಬಿತ್ತು. ಇವೇಕೆ ಇಲ್ಲಿವೆ ಎಂದು ಸಾರಥಿಯನ್ನು ಕೇಳಿದರು. ಉತ್ತರ ತಿಳಿದ ಮೇಲೆ ಮೈಮೇಲಿನ ಆಭರಣಗಳನ್ನು ಆ ಸಾರಥಿಗೇ ಕೊಟ್ಟು, ಮದುವೆಯನ್ನು ತೊರೆದು, ಗಿರಿನಾರದ ದಾರಿ ಹಿಡಿದರೆಂದು ಉತ್ತರಾಧ್ಯಯನ ಹೇಳುತ್ತದೆ. ನಾವೂ ಸಾರಥಿಗೆ ಕೊಡುತ್ತೇವೆ: ವಾಹನವನ್ನು ಇನ್ನೂ ಹತ್ತಿರಕ್ಕೆ ಒಯ್ಯಲೆಂದು ಕೊಡುವ ಇನಾಮು ಅದು.

ಹಾಗಾದರೆ ಶ್ರಾವಕನು ಕಾಡಿಗೆ ಹೋಗಲೇಬಾರದೇ? ಹಾಗೆ ನಾನು ಹೇಳುವುದಿಲ್ಲ. ನಮ್ಮ ತೀರ್ಥಂಕರರ ಲಾಂಛನಗಳಲ್ಲಿಯೇ ಆನೆಯಿದೆ, ಜಿಂಕೆಯಿದೆ, ಆಮೆಯಿದೆ, ಸಿಂಹವಿದೆ. ನಮ್ಮ ನಂದಿಯ ಬಳಿಯ ಗೋಪಿನಾಥ ಬೆಟ್ಟದ ಪ್ರಾಚೀನ ಜೈನ ಶಾಸನ, ಹಿಂದಿನವರು ಆ ಬಂಡೆಗಳ ಮೌನವನ್ನು ಆರಿಸಿಕೊಂಡಿದ್ದರೆಂಬುದಕ್ಕೆ ಸಾಕ್ಷಿ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಮೇಯಲು ಬರುವ ಆನೆಗಳ ಹಿಂಡನ್ನು ದೂರದಿಂದ ಮೌನವಾಗಿ ಕಂಡ ಮಗುವಿನ ಮನಸ್ಸಿನಲ್ಲಿ ಮೈತ್ರಿ ಹುಟ್ಟಿದರೆ ಅದು ಒಳಿತೇ. ಹೋಗುವ ಮುನ್ನ ಮನಸ್ಸಿನಲ್ಲಿ ಒಂದು ನಿಯಮವಿರಲಿ: ಬೇಟೆಯನ್ನು ಬಯಸೆನು, ಬೆನ್ನಟ್ಟಿಸೆನು, ಕಣ್ಣೆದುರು ನಡೆದರೆ ಚಿತ್ರ ತೆಗೆಯೆನು, ಊರಿಗೆ ಬಂದು ಹೆಮ್ಮೆಯಿಂದ ತೋರಿಸೆನು.

ಬಸದಿಗಳ ಮತ್ತು ಮಂದಿರಗಳ ಟ್ರಸ್ಟಿಗಳಲ್ಲಿ ಎರಡು ವಿನಂತಿಗಳಿವೆ. ತೀರ್ಥಯಾತ್ರೆಯ ಕಾರ್ಯಕ್ರಮಕ್ಕೆ ಸಫಾರಿಯ ಒಂದು ದಿನವನ್ನು ಅಂಟಿಸುವ ಅಭ್ಯಾಸಕ್ಕೆ ಎಲ್ಲಿಯೂ ಆಸ್ಪದ ಕೊಡಬೇಡಿ. ಶ್ರವಣಬೆಳಗೊಳದ ಬೆಟ್ಟವನ್ನು ಬೆಳಿಗ್ಗೆ ಏರಿ ಸಂಜೆ ಬೇಟೆಗಾಗಿ ಕಾಯುವವರ ಯಾತ್ರೆ ಎಲ್ಲಿಗೆ ಸಾಗಿತು? ಎರಡನೆಯದಾಗಿ, ನಮ್ಮ ನಾಲ್ಕು ತಾಲ್ಲೂಕುಗಳನ್ನೊಮ್ಮೆ ನೋಡಿ. ಗೌರಿಬಿದನೂರಿನ ಉತ್ತರ ಪಿನಾಕಿನಿ ನಂದಿಯ ಸೀಮೆಯಲ್ಲಿಯೇ ಹುಟ್ಟಿದರೂ ವರ್ಷದ ಬಹುಭಾಗ ಮರಳಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ದನಕರುಗಳು, ನವಿಲುಗಳು, ಅಳಿಲುಗಳು ನೀರಿಗಾಗಿ ಅಲೆಯುತ್ತವೆ. ನದಿತೀರದ ಎರಡು ರಾತ್ರಿಗಳಿಗೆ ಒಂದು ಕುಟುಂಬ ವ್ಯಯಿಸುವ ಹಣದಲ್ಲಿ ಇಲ್ಲಿ ಎಷ್ಟು ತೊಟ್ಟಿಗಳನ್ನು ಕಟ್ಟಿ ತುಂಬಿಸಬಹುದೆಂಬ ಲೆಕ್ಕವನ್ನು ಮುಂದಿನ ವಾರ್ಷಿಕ ಸಭೆಯಲ್ಲಿ ಮಾಡಿ.

ಸಮವಸರಣದ ಚಿತ್ರದಲ್ಲಿ ಸಿಂಹವೂ ಹಸುವೂ ಒಂದೇ ಪಾತ್ರೆಯ ನೀರು ಕುಡಿಯುವುದನ್ನು ನಮ್ಮ ಮಕ್ಕಳು ದಿನವೂ ಗೋಡೆಯ ಮೇಲೆ ನೋಡುತ್ತಾರೆ. ಆ ಯುವಕನ ಮನೆಯ ನಡುಮನೆಯಲ್ಲಿಯೂ ಆ ಚಿತ್ರವಿತ್ತು. ಜಿಂಕೆಯ ಕೊನೆಯ ಉಸಿರನ್ನು ನಾವು ನೋಡಿ ಬೆರಗಾದದ್ದು ಅದರ ಕೆಳಗೇ ಕುಳಿತು. ಅಂದು ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆ ಮೌನವೂ ಅನುಮೋದನೆಯೇ ಎಂದು ಮನಗಂಡು, ಅದರ ಪ್ರತಿಕ್ರಮಣವಾಗಿ ಇದನ್ನು ಬರೆದಿದ್ದೇನೆ.