ತಂಗಳಪೆಟ್ಟಿಗೆಯ ನಲ್ಲಿ ಮತ್ತು ನಮ್ಮ ಕನ್ನಡ

ಬ್ಲಾಗಿನ ಕಡೆ ಬಂದು ಬಹಳ ದಿನ ಆಯ್ತು. ಆಫೀಸು, ರಿಲೀಸು ಅಂತ ನೆಪ ಹೇಳಲ್ಲ, ಸೋಮಾರಿತನ ಅಷ್ಟೇ :-) ಇವತ್ತು ಬರೆಯೋಕೆ ಕೂತಿರೋದು ಸಿಟ್ಟಿಗೆ.

ಮೊನ್ನೆ ಗೆಳೆಯನೊಬ್ಬನಿಗೆ (ಅವನೂ ಬ್ಲಾಗಿಗನೇ, ಚೆನ್ನಾಗಿ ಕವನ ಬರೀತಾನೆ) "ಊರಲ್ಲಿ ಫ್ರಿಜ್ಜಿನ ಬಾಗಿಲಿಂದ ನೀರು ಬರ್ತಿರಲಿಲ್ಲ, ಸರಿ ಮಾಡಿದ್ವಿ, ಅದರ ಬಗ್ಗೆ ಒಂದು ಪೋಸ್ಟ್ ಹಾಕ್ತೀನಿ" ಅಂದೆ. ನಕ್ಕುಬಿಟ್ಟ. "ಅದನ್ನೆಲ್ಲ ಕನ್ನಡದಲ್ಲಿ ಯಾರು ಓದ್ತಾರೋ ಮಾರಾಯ? ಅಂಥ ಫ್ರಿಜ್ ತಗೊಳ್ಳೋರಿಗೆ ಇಂಗ್ಲಿಷ್ ಬರುತ್ತೆ. ಬೇರೆ ಏನಾದ್ರೂ ಬರಿ."

ಆ ಮಾತು ತಪ್ಪು. ಯಾಕೆ ತಪ್ಪು ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮೂರು ಮರೋಳ, ಹುನಗುಂದದ ಸೀಮೆ. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಊರು. ಕಳೆದ ದೀಪಾವಳಿಗೆ ಊರಿನ ಮನೆಗೆ ಒಂದು ದೊಡ್ಡ ಫ್ರಿಜ್ ಕೊಡಿಸಿದೆ. ಬಾಗಿಲಲ್ಲೇ ನಲ್ಲಿ, ಲೋಟ ಒತ್ತಿದರೆ ತಣ್ಣೀರು. ಅವ್ವನಿಗೆ ಮೊಣಕಾಲು ನೋವು, ಬಗ್ಗಿ ಬಾಟಲಿ ತೆಗೆಯೋದು ತಪ್ಪಲಿ ಅಂತ ನನ್ನ ಲೆಕ್ಕ. ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಪ್ರತಿ ಭಾನುವಾರ ಫೋನಿನಲ್ಲಿ "ನೀರು ಬರ್ತೈತೇನವ್ವಾ?" ಅಂತ ಕೇಳ್ತಿದ್ದೆ. "ಹ್ಞೂಂ, ಛಲೋ ಬರ್ತೈತಿ" ಅಂತಿದ್ದಳು. ಯುಗಾದಿಗೆ ಊರಿಗೆ ಹೋಗಿ ಲೋಟ ಹಿಡಿದರೆ ಒಂದು ಹನಿ ಇಲ್ಲ! ಅದು ನಿಂತು ಎರಡು ತಿಂಗಳ ಮೇಲಾಗಿತ್ತು. ಅವ್ವ ತಂಬಿಗೆಯಲ್ಲಿ ನೀರು ತುಂಬಿ ಫ್ರಿಜ್ಜಿನೊಳಗೆ ಇಟ್ಟುಕೊಂಡು ಕುಡಿತಿದ್ದಳು. ಅದೂ ಕೆಳಗಿನ ಖಾನೆಯಲ್ಲಿ, ಬಗ್ಗಿಯೇ. "ನೀ ಅಷ್ಟ ರೊಕ್ಕಾ ಹಾಕಿ, ಹ್ಯಾಂಗ ಹೇಳ್ಲಿ?" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಸರ್ವೀಸಿನವರಿಗೆ ಅವಳು ಒಮ್ಮೆ ಫೋನ್ ಮಾಡಿಸಿದ್ದಳಂತೆ. ಬಂದವನು ಬೋರ್ಡ್ ಹೋಗಿದೆ, ಬಾಗಿಲಿನ ಸೆಟ್ಟೂ ಬದಲಿಸಬೇಕು, ಒಂಬತ್ತೂವರೆ ಸಾವಿರ ಆಗುತ್ತೆ ಅಂತ ಬರೆದುಕೊಟ್ಟು ಹೋಗಿದ್ದ. "ಮೊದಲಿಂದಾನೂ ನೀರು ಸಣ್ಣಗ ಬರ್ತಿತ್ತಪಾ" ಅಂತ ಅವ್ವ ಹೇಳಿದ್ದನ್ನ ಅವನು ಕಿವಿಗೇ ಹಾಕಿಕೊಂಡಿರಲಿಲ್ಲ. ರೋಗ ಏನು ಅನ್ನೋದು ಇದ್ದದ್ದೇ ಆ ಒಂದು ಮಾತಿನಲ್ಲಿ.

ಇನ್ನು ನನ್ನ ಕಥೆ. ಬಿ.ಇ. ಆದವನು, ಕೋಡ್ ಡಿಬಗ್ ಮಾಡಿ ಹೊಟ್ಟೆ ಹೊರೆಯೋನು. ಎರಡು ಗಂಟೆ ಎರರ್ ಕೋಡ್ ಹುಡುಕಿದೆ, ಪ್ಲಗ್ ಕಿತ್ತು ಹಾಕಿದೆ, ಅಮೆರಿಕದವರ ನಾಲ್ಕು ವಿಡಿಯೋ ನೋಡಿದೆ. ಅಷ್ಟರಲ್ಲಿ ಪಕ್ಕದ ಮನೆಯ ಕಾಕಾ ಬಂದರು. ಹೊಲಗಳಲ್ಲಿ ಡ್ರಿಪ್ ಪೈಪು ಹಾಕೋ ಕೆಲಸ ಅವರದು. ಅವರು ಫ್ರಿಜ್ ಕಡೆ ನೋಡಲೇ ಇಲ್ಲ. "ನೀರ ಎಲ್ಲಿಂದ ಬರ್ತೈತಿ? ಟಾಕಿ ಎಷ್ಟ ಎತ್ತರ ಐತಿ?" ಅಂತ ಕೇಳಿದರು.

ನಮ್ಮ ಕಡೆಯ ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆ ಕೇಳಿರಬಹುದು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ೨೪ ಸಾವಿರ ಹೆಕ್ಟೇರಿಗೆ ಡ್ರಿಪ್ಪಿನಲ್ಲಿ ಕೊಡಲು ಮಾಡಿದ್ದು. ಡ್ರಿಪ್ಪಿನವರಿಗೆ ಒತ್ತಡ, ಫಿಲ್ಟರು, ಉಪ್ಪು ಕಟ್ಟೋದು ಅಂದ್ರೆ ದಿನದ ಮಾತು. ಹನಿ ನಿಂತರೆ ಅವರು ಮೊದಲು ಹೋಗೋದು ಫಿಲ್ಟರಿನ ಹತ್ತಿರ, ಹೊಸ ಡ್ರಿಪ್ಪರ್ ತರೋಕಲ್ಲ.

ಕಾಕಾ ಫ್ರಿಜ್ಜಿನ ಹಿಂದಿನ ಬಿಳಿ ಪೈಪು ಬಿಚ್ಚಿಸಿ ಬಕೀಟಿಗೆ ಹಿಡಿದರು. ನೀರು ದಾರದ ಹಾಗೆ ಬಂತು. ನಮ್ಮ ಮಾಳಿಗೆ ಮೇಲಿನ ಟಾಕಿಯ ನೀರು ಫ್ರಿಜ್ಜಿಗಿಂತ ಹೆಚ್ಚೆಂದರೆ ೧೨ ಅಡಿ ಮೇಲೆ. ಹತ್ತು ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ ಒಂದು ಬಾರ್ ಒತ್ತಡ, ಅಂದ್ರೆ ನಮ್ಮದು ೦.೩೬ ಬಾರ್. ಮ್ಯಾನುಯಲ್ ತೆಗೆದು ನೋಡಿದೆ. ಕನಿಷ್ಠ ೧.೪ ಬಾರ್ ಬೇಕು ಅಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿದೆ! ಅಷ್ಟು ಒತ್ತಡಕ್ಕೆ ಟಾಕಿ ೧೪ ಮೀಟರ್ ಮೇಲಿರಬೇಕು, ಅಂದ್ರೆ ೪೬ ಅಡಿ. ಮರೋಳದಲ್ಲಿ ಯಾರ ಮನೆ ಅಷ್ಟು ಎತ್ತರ ಇದೆ? ಫಿಲ್ಟರ್ ಹೊಸದಿರುವಾಗ ಸಣ್ಣಗೆ ಬರ್ತಿದ್ದ ನೀರು, ಬೋರಿನ ಉಪ್ಪು ಕಟ್ಟಿದ ಮೇಲೆ ನಿಂತೇಹೋಗಿದೆ. ಫಿಲ್ಟರ್ ತೆಗೆದು ಅದರ ಜಾಗಕ್ಕೆ ಬೈಪಾಸ್ ಮುಚ್ಚಳ ಹಾಕಿದ್ವಿ, ಬಾಗಿಲಲ್ಲಿ ಮತ್ತೆ ಸಣ್ಣಗೆ ನೀರು ಬಂತು. ಬೋರ್ಡಿಗೆ ಏನೂ ಆಗಿರಲಿಲ್ಲ.

ಕಾಕಾ ಇನ್ನೊಂದು ಮಾತು ಹೇಳಿದರು: "ಈ ನೀರ ಕುಡಿಯೂದ ಬ್ಯಾಡ." ನಿಜ. ಬಾಗಲಕೋಟೆ ಜಿಲ್ಲೆಯ ಎಷ್ಟೋ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ೧ ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ ೧.೫ರವರೆಗೆ. ಫ್ರಿಜ್ಜಿನೊಳಗಿನ ಇದ್ದಿಲ ಫಿಲ್ಟರ್ ವಾಸನೆ, ಕ್ಲೋರಿನ್ ತೆಗೆಯುತ್ತೆ. ಗಡಸುತನ, ಫ್ಲೋರೈಡ್ ಅದರ ಕೆಲಸ ಅಲ್ಲ. ಅಡುಗೆಮನೆ ನಲ್ಲಿಗೆ ಪೈಪು ಸಿಕ್ಕಿಸಿ ಹೋದವನು ಈ ಪ್ರಶ್ನೆ ಕೇಳಲಿಲ್ಲ. ಕೊಡಿಸಿದ ಇಂಜಿನಿಯರ್ ಮಗನೂ ಕೇಳಲಿಲ್ಲ.

ಕೊನೆಗೆ ಇಳಕಲ್ಲಿನಲ್ಲಿ ನೀರಿನ ಫಿಲ್ಟರ್ ಅಂಗಡಿಗೆ ಹೋಗಿ ೨೪ ವೋಲ್ಟಿನ ಸಣ್ಣ ಬೂಸ್ಟರ್ ಪಂಪು, ಅಡಾಪ್ಟರ್, ನಲ್ಲಿ ಮುಚ್ಚಿದಾಗ ಪಂಪು ತಾನೇ ನಿಲ್ಲೋ ಪ್ರೆಶರ್ ಸ್ವಿಚ್, ಕುಡಿಯುವ ನೀರಿನ ಪೈಪು ತಂದೆವು. ಶುದ್ಧ ನೀರಿನ ಘಟಕದಿಂದ ಹೇಗೂ ಮನೆಗೆ ಬರುವ ೨೦ ಲೀಟರಿನ ಕ್ಯಾನಿಗೆ ಜೋಡಿಸಿದೆವು. ಹೊಸ ಫಿಲ್ಟರೂ ಸೇರಿ ಖರ್ಚು ಆ ಒಂಬತ್ತೂವರೆ ಸಾವಿರದ ಅರ್ಧಕ್ಕೂ ಕಡಿಮೆ. ಈಗ ಅವ್ವ ನಿಂತೇ ಲೋಟ ತುಂಬಿಕೊಳ್ತಾಳೆ.

ನಿಮ್ಮ ಮನೆಯಲ್ಲೂ ನಿಂತಿದ್ದರೆ ಈ ಕ್ರಮದಲ್ಲಿ ನೋಡಿ:

೧. ಬಾಗಿಲ ಮೇಲೆ ಬೀಗದ ಗುರುತು ಹೊತ್ತಿದೆಯಾ? ಅದು ಮಕ್ಕಳ ಲಾಕ್. ಆ ಗುಂಡಿಯನ್ನು ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಸಾಮಾನ್ಯವಾಗಿ ಹೋಗುತ್ತೆ. ಬಾಗಿಲು ಪೂರ್ತಿ ಮುಚ್ಚಿರಲಿ.

೨. ಹಿಂದಿನ ವಾಲ್ವ್ ತೆರೆದಿದೆಯಾ, ಪೈಪು ಗೋಡೆಗೆ ಸಿಕ್ಕಿ ಮಡಚಿದೆಯಾ?

೩. ಪ್ಲಗ್ ಕಿತ್ತು, ವಾಲ್ವ್ ಮುಚ್ಚಿ, ಪೈಪು ಬಿಚ್ಚಿ ಬಕೀಟಿಗೆ ಹಿಡಿದು ವಾಲ್ವ್ ತೆರೆಯಿರಿ. ದಾರದಂತೆ ಬಂದರೆ ರೋಗ ಫ್ರಿಜ್ಜಿನದಲ್ಲ, ನೀರಿನದು.

೪. ಅಲ್ಲಿ ಜೋರಾಗಿದ್ದರೆ ಫಿಲ್ಟರ್ ತೆಗೆದು ಬೈಪಾಸ್ ಹಾಕಿ. ಬಂದರೆ ಫಿಲ್ಟರ್ ಕಟ್ಟಿದೆ.

೫. ಆಗಲೂ ಇಲ್ಲವಾ? ಲೋಟ ಒತ್ತಿ ಕಿವಿಗೊಡಿ. ಹಿಂದೆ ಗುಂಯ್ ಅಂದೂ ನೀರಿಲ್ಲದಿದ್ದರೆ ಬಾಗಿಲೊಳಗಿನ ಪೈಪು ಹೆಪ್ಪುಗಟ್ಟಿರಬಹುದು. ಫ್ರಿಜ್ ಆರಿಸಿ ಕೆಲವು ಗಂಟೆ ಬಾಗಿಲು ತೆರೆದಿಡಿ. ಶಬ್ದವೇ ಇಲ್ಲದಿದ್ದರೆ ಮಾತ್ರ ಸ್ವಿಚ್ಚು, ವಾಲ್ವು, ಬೋರ್ಡಿನ ಮಾತು. ಅದು ಮೆಕ್ಯಾನಿಕ್ಕಿನ ಕೆಲಸ.

೬. ಸರಿಯಾದ ಮೇಲೆ ನಾಲ್ಕೈದು ಲೀಟರ್ ನೀರು ಬಿಟ್ಟು ಚೆಲ್ಲಿ. ಪೈಪಿನ ಗಾಳಿ, ಫಿಲ್ಟರಿನ ಕಪ್ಪು ಪುಡಿ ಹೋಗಲಿ. (ಗಿಡಕ್ಕೆ ಹಾಕಿ, ನಮ್ಮ ಕಡೆ ನೀರು ಚೆಲ್ಲಿದರೆ ಬೈಸಿಕೊಳ್ತೀರಿ.)

ನೋಡಿ, ಕನ್ನಡದಲ್ಲಿ ಹೇಳೋಕೆ ಆಯ್ತಲ್ಲ? ಆರು ಪುಟ್ಟ ಪ್ಯಾರಾ. ಇದು ದೀಪಾವಳಿಯಲ್ಲೇ ಅವ್ವನ ಕೈಯಲ್ಲಿ ಇದ್ದಿದ್ದರೆ ಮೂರನೇ ಸಾಲಿಗೇ ಮುಗೀತಿತ್ತು. ಅವಳು ದಿನಾ ಪೇಪರ್ ಪೂರ್ತಿ ಓದೋಳು. ಅವಳಿಗೆ ಓದೋಕೆ ಬರಲ್ಲ ಅಂತಲ್ಲ, ಅವಳಿಗಾಗಿ ಯಾರೂ ಬರೆದಿಲ್ಲ ಅಷ್ಟೇ. ಫ್ರಿಜ್ ಕೊಳ್ಳೋನಿಗೆ ಇಂಗ್ಲಿಷ್ ಬರಬಹುದು ಗೆಳೆಯಾ, ಅದನ್ನ ದಿನಾ ಬಳಸೋಳಿಗೆ?

ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ ಅಂತೀರಿ. ಇದೆ. ಆದರೆ ನಾನು ನೋಡಿದ ನಾಲ್ಕು ವಿಡಿಯೋಗಳಲ್ಲಿ ಒಂದರಲ್ಲೂ ಟಾಕಿಯ ಎತ್ತರದ ಮಾತೇ ಇಲ್ಲ. ಅವರ ಊರಲ್ಲಿ ಬೀದಿಯ ಕೊಳಾಯಿಯಲ್ಲೇ ಒತ್ತಡ ಇರುತ್ತೆ. ನಮ್ಮ ಸಮಸ್ಯೆಗೆ ಉತ್ತರ ಅನುವಾದದಲ್ಲೂ ಸಿಗಲ್ಲ. ನಾವೇ ಬರೀಬೇಕು. ಈಗ ಎಲ್ಲ ಎಐ ಹೇಳುತ್ತೆ ಅನ್ನೋರಿಗೂ ಅದೇ ಉತ್ತರ: ಯಾರೋ ಬರೆದಿಟ್ಟಿದ್ದರೆ ತಾನೇ ಅದು ಹೇಳೋದು?

ಇನ್ನೊಂದು ಗುಂಪು ಪದ ಎಲ್ಲಿದೆ ಅಂತ ಜಗಳ ತೆಗೆಯುತ್ತೆ. ಫ್ರಿಜ್ಜಿಗೆ ಶೀತಕ ಅನ್ನಬೇಕಾ, ತಂಗಳಪೆಟ್ಟಿಗೆ ಅನ್ನಬೇಕಾ? ತಂಗಳಪೆಟ್ಟಿಗೆ ನನಗೂ ಇಷ್ಟ, ತಲೆಬರಹಕ್ಕೆ ಹಾಕಿದೀನಿ ನೋಡಿ :-) ಆದರೆ ಪದ ತೀರ್ಮಾನ ಆಗೋವರೆಗೆ ಅವ್ವ ಬಾಯಾರಿ ಕೂರಬೇಕಾ? ಕಾಕಾ ವಾಲು, ಫಿಲ್ಟರು, ಪ್ರೆಶರು ಅಂತಾರೆ. ಅದೂ ಕನ್ನಡವೇ.

ಇದೇನು ಸಾಹಿತ್ಯವಾ ಅನ್ನೋರಿಗೆ ಅಡಿಕೆ ಪತ್ರಿಕೆ ತೋರಿಸ್ತೀನಿ. ೧೯೮೮ರಲ್ಲಿ ಪುತ್ತೂರಿನಿಂದ ಶುರುವಾಗಿದ್ದು. ಕೃಷಿಕರ ಕೈಗೆ ಲೇಖನಿ ಅಂತ ಶ್ರೀ ಪಡ್ರೆ ಮತ್ತು ಗೆಳೆಯರು ರೈತರಿಂದಲೇ ಬರೆಸಿದರು. ಯಾವ ರೈತನೂ ತಾನು ಸಾಹಿತಿಯಾ ಅಂತ ಕೇಳಿಕೊಂಡು ಬರೆಯಲಿಲ್ಲ. ಪಂಪು, ಗೊಬ್ಬರ, ಅಡಿಕೆ ಸುಲಿಯೋ ಯಂತ್ರ, ಮಾಡಿ ನೋಡಿದ್ದನ್ನು ಬರೆದ. ನಾವು ಇಂಜಿನಿಯರುಗಳು, ಪುಕ್ಕಟೆ ಬ್ಲಾಗು, ಪುಕ್ಕಟೆ ಯೂನಿಕೋಡ್ ಇಟ್ಟುಕೊಂಡು ಬರೆಯೋದು ಮಳೆ, ಹುಡುಗಿ, ಮತ್ತೆ ಕನ್ನಡಕ್ಕೆ ಅನ್ಯಾಯ!

ಅನ್ಯಾಯ ಇಲ್ಲ ಅಂತಲ್ಲ. ಪೊಟ್ಟಣದ ಮೇಲಿನ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು, ಬೇರೆ ಭಾಷೆ ಬೇಕಾದ್ರೆ ಜೊತೆಗೆ ಹಾಕಿ ಅಂತ ೨೦೧೧ರ ಕೇಂದ್ರದ ನಿಯಮವೇ ಹೇಳುತ್ತೆ. ಯುರೋಪಿನಲ್ಲಿ ೨೦೨೧ರ ಮಾರ್ಚ್‌ನಿಂದ ಫ್ರಿಜ್ಜಿನ ಮುಖ್ಯ ಬಿಡಿಭಾಗಗಳು ಮಾದರಿ ನಿಂತ ಮೇಲೂ ಏಳು ವರ್ಷ ಸಿಗಬೇಕು ಅಂತ ಕಾನೂನಿದೆ. ನಮ್ಮಲ್ಲಿ ೨೦೨೨ರ ಜುಲೈನಲ್ಲಿ ರಿಪೇರಿ ಹಕ್ಕಿಗೆ ಸಮಿತಿ ಆಯ್ತು, ಡಿಸೆಂಬರ್‌ನಲ್ಲಿ ಪೋರ್ಟಲ್ ಬಂತು. ಒಳ್ಳೆಯದೇ. ರಿಪೇರಿ ಹಕ್ಕಿನ ಜೊತೆ ಕನ್ನಡದ ಮ್ಯಾನುಯಲ್ಲೂ ಕೇಳೋಣ, ಸಹಿ ಹಾಕೋಣ. ಆದರೆ ಅದು ಬರೋವರೆಗೆ ಬರೆಯೋಕೆ ನಮ್ಮ ಕೈ ಕಟ್ಟಿದವರು ಯಾರು?

ಅದಕ್ಕೇ ಒಂದು ಜಗಳದ ಕೋರಿಕೆ. ನೀವೆಲ್ಲ ಮನೆಯಲ್ಲಿ ಏನಾದರೊಂದು ಸರಿ ಮಾಡಿರ್ತೀರಿ. ಮಿಕ್ಸಿ, ಗೀಸರ್, ಯುಪಿಎಸ್, ಹೊಲಿಗೆ ಯಂತ್ರ. ಈ ತಿಂಗಳು ಅದರ ಬಗ್ಗೆ ಒಂದು ಪೋಸ್ಟ್ ಬರೀರಿ, ನಿಮ್ಮ ಅವ್ವನಿಗೆ ಹೇಳೋ ಹಾಗೆ. ಕೊಂಡಿ ಕಳಿಸಿದರೆ ಎಲ್ಲ ಒಂದು ಪುಟದಲ್ಲಿ ಸೇರಿಸ್ತೀನಿ. ಮೊದಲನೆಯದು ಇದೇ ಆಯ್ತು.

ಕವಿ ಗೆಳೆಯಾ, ನಿನ್ನ ಮನೆ ಗೀಸರ್ ಕಥೆ ನನಗೆ ಗೊತ್ತು. ತಪ್ಪಿಸಿಕೊಳ್ಳೋಕೆ ನೋಡಬೇಡ :-)