ಪಾರ್ಕಿಗಿರೋ ಕಾವಲು ನಮ್ಮ ಕೆರೆಗೆ ಯಾಕಿಲ್ಲ?



ಲಾಲ್‌ಬಾಗ್ ಉಳಿಸಿ, ಕಬ್ಬನ್ ಪಾರ್ಕ್ ಉಳಿಸಿ ಅಂತ ಬೆಂಗಳೂರಿನ ಗೆಳೆಯರು ಬೀದಿಗಿಳಿದಾಗಲೆಲ್ಲ ಬೆಂಬಲಿಸಿದ್ದೀನಿ, ಮುಂದೆಯೂ ಬೆಂಬಲಿಸ್ತೀನಿ. ಲಾಲ್‌ಬಾಗ್‌ಗೆ ಬುನಾದಿ ಹಾಕಿದ ಹೈದರಾಲಿ ಹುಟ್ಟಿದ್ದೇ ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ. ಆದರೂ ಒಂದು ಮಾತು ಕೇಳಲೇಬೇಕು.

ಫೈಲು, ಕಾಯ್ದೆ, ಸುತ್ತೋಲೆ ಓದೋದು ಗುಮಾಸ್ತನಾದ ನನ್ನ ದಿನದ ಕೆಲಸ. ಆ ಎರಡು ಪಾರ್ಕುಗಳಿಗಾಗಿ 1975ರಲ್ಲೇ ಸರ್ಕಾರಿ ಉದ್ಯಾನವನಗಳ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿನ ಜಾಗ ಮಾರೋ ಹಾಗಿಲ್ಲ, ಗುತ್ತಿಗೆಗೆ ಕೊಡೋ ಹಾಗಿಲ್ಲ. ಕೊಟ್ಟರೆ ಅದು ಅಸಿಂಧು. 1978ರಲ್ಲಿ ನಮಗೂ ಪಿಟಿಸಿಎಲ್ ಕಾಯ್ದೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಅದೂ ಅಸಿಂಧು. ಎರಡು ಕಾಯ್ದೆಯ ಮಾತೂ ಒಂದೇ. ಆದರೆ ಪಾರ್ಕಿನ ಮರಕ್ಕೆ ಕೊಡಲಿ ಬಿದ್ದರೆ ಸಂಜೆಯೊಳಗೆ ಟಿವಿಯವರು ಬರ್ತಾರೆ, ವಕೀಲರು ಬರ್ತಾರೆ. ನಮ್ಮ ಹೊಲಕ್ಕೆ ಬೇರೆಯವರ ಬೇಲಿ ಬಿದ್ದರೆ ಎಸಿ ಕೋರ್ಟು, ಡಿಸಿ ಕೋರ್ಟು ಅಂತ ಚಪ್ಪಲಿ ಸವೆಸಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದುಬಿಡ್ತು. ಅದನ್ನ ಸರಿಪಡಿಸೋ ತಿದ್ದುಪಡಿಗೆ 2023ರ ತನಕ ಬೀದಿಯಲ್ಲಿ ಕೂರಬೇಕಾಯ್ತು.

ಕೆರೆ ವಿಷಯವೂ ಹಿಂಗೇ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡೇ ಹಂತ ಶುದ್ಧ ಮಾಡಿ 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಬಿಡ್ತಾ ಇದ್ದಾರೆ. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತಡೆ ತೆರವಾಯ್ತು. ಕೆರೆ ತುಂಬಿದೆ, ಬತ್ತಿದ ಬೋರುಗಳಲ್ಲಿ ನೀರು ಬಂದಿದೆ, ಅದನ್ನ ಸುಳ್ಳು ಅನ್ನಲ್ಲ. ಆದರೆ ಬೆಳ್ಳಂದೂರು ಕೆರೆ ನೊರೆ ಉಕ್ಕಿ ಬೆಂಕಿ ಹತ್ತಿದಾಗ ಇಡೀ ದೇಶ ಮಾತಾಡ್ತು, ಹಸಿರು ನ್ಯಾಯಮಂಡಳಿ ತಾನಾಗೇ ವಿಚಾರಣೆಗೆ ತಗೊಂತು. ನಮ್ಮ ಕೆರೆಯ ನೊರೆಗೆ ಸಿಕ್ಕ ಉತ್ತರ ಏನು? "ನೀರು ಬಂತಲ್ಲ, ಸುಮ್ನಿರಿ!"

ಈ ಕೆರೆಗಳ ತೂಬು ಎತ್ತಿ, ಕಾಲುವೆ ತೋಡಿ, ಗದ್ದೆ ಗದ್ದೆಗೆ ನೀರು ಹಂಚಿದವರು ನೀರುಗಂಟಿಗಳು. ಬಹುಪಾಲು ನಮ್ಮ ಕೇರಿಯವರೇ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವ ಹಿರಿಯರನ್ನ ಬೇಕಾದರೂ ಕೇಳಿ. ಊರ ಬಾವಿ ಮುಟ್ಟಬಾರದು, ಊರ ಕೆರೆ ಮಾತ್ರ ಕಾಯಬೇಕು! ಇವತ್ತು ಕೆರೆ ಬಗ್ಗೆ ತೀರ್ಮಾನ ಆಗೋ ಮೇಜಿನ ಮುಂದೆ ಅವರಿಗೆ ಕುರ್ಚಿ ಎಲ್ಲಿದೆ?

ಮಹಾಡದ ಚೌಡಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ನೀರು ಮುಟ್ಟಬೇಕಾಯ್ತು. ಕಾಗದದಲ್ಲಿರೋ ಹಕ್ಕು ತಾನಾಗಿ ಮನೆ ಬಾಗಿಲಿಗೆ ಬರಲ್ಲ.

ನಮ್ಮ ಬೇಡಿಕೆ ಮೂರೇ. ಒಂದು, ಮೂರನೇ ಹಂತದ ಶುದ್ಧೀಕರಣ ಆಗಲಿ, ನೀರಿನ ಪರೀಕ್ಷೆಯ ವರದಿ ತಿಂಗಳು ತಿಂಗಳು ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಬೀಳಲಿ. ಎರಡು, ಪ್ರತಿ ಕೆರೆಯ ಅಳತೆ ಮಾಡಿ ಗಡಿಕಲ್ಲು ನೆಡಲಿ, ದೊಡ್ಡವರ ಒತ್ತುವರಿಯಿಂದಲೇ ತೆರವು ಶುರುವಾಗಲಿ. ಮೂರು, ಕೆರೆ ಸಮಿತಿಗಳಲ್ಲಿ ನೀರುಗಂಟಿ ಮನೆತನದವರಿಗೆ ಜಾಗ ಇರಲಿ.

ಬೆಂಗಳೂರಿನ ಗೆಳೆಯರೇ, ಮುಂದಿನ ಸಲ ಪಾರ್ಕಿನ ಗೇಟಿನ ಮುಂದೆ ಫಲಕ ಹಿಡಿದಾಗ ಕೋಲಾರದ ಕೆರೆಗಳ ಹೆಸರನ್ನೂ ಬರೀರಿ. ನಿಮ್ಮ ಮನೆಯಿಂದ ಹೋದ ನೀರೇ ಇಲ್ಲಿಗೆ ಬರೋದು.

ಜೈಭೀಮ್.